ತೊಲೆಗೆ ಕಟ್ಟಿದ ಡಾಬು

“ಅವ್ವ, ಕೆಟ್ಟವರನ್ನು ತಿದ್ದೋದು ಹೇಗೆ?”

ಕೇಳಿದವನು ಕೊಟ್ರೇಶ. ಪಕ್ಕದ ಊರಿನ ಶಾಲೆಯಲ್ಲಿ ಮೇಷ್ಟರು. ಕೇಳಿಸಿಕೊಂಡವರು ನೀಲಗಂಗವ್ವ. ಊರ ಹೊರಗಿನ ಸಣ್ಣ ಮಠದಲ್ಲಿ ನಲವತ್ತು ವರ್ಷದಿಂದ ದೀಪ ಹಚ್ಚಿಕೊಂಡು, ಬಂದವರಿಗೆ ಅಂಬಲಿಯನ್ನೂ ಬುದ್ಧಿಯನ್ನೂ ಬಡಿಸಿಕೊಂಡು ಇದ್ದವರು. ಅಂಬಲಿ ತಣ್ಣಗಿರುತ್ತಿತ್ತು. ಬುದ್ಧಿ ಸುಡುತ್ತಿತ್ತು.

“ಯಾರಪ್ಪ ಆ ಕೆಟ್ಟವರು?” ಎಂದರು ಅವ್ವ.

“ಇನ್ಯಾರು, ನನ್ನ ತಮ್ಮ ಹಾಲೇಶ. ಅಪ್ಪ ಬಿಟ್ಟುಹೋದ ಹಿಟ್ಟಿನ ಗಿರಣಿ ಅವನ ಕೈಯಲ್ಲೇ ಇದೆ. ಹಾಸಿಗೆ ಹಿಡಿದ ತಾಯಿ ಅವನ ಹತ್ತಿರಾನೇ ಇದ್ದಾಳೆ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಉಂಡು, ಅಲ್ಲೇ ಮಲಗಿ ಓದ್ತಾರೆ. ಇಷ್ಟು ತುಂಬಿದ ಮನೆ ಇಟ್ಟುಕೊಂಡು, ಮೂರು ತಿಂಗಳಿಂದ ಮಧ್ಯಾಹ್ನಕ್ಕೇ ಗಿರಣಿ ಮುಚ್ಚಿ ಬಸ್‌ಸ್ಟ್ಯಾಂಡ್ ಹಿಂದಿನ ಕಟ್ಟೆ ಮೇಲೆ ಕೂರ್ತಾನೆ. ಕುಡೀತಾನೆ. ಕೇಳಿದರೆ ಸುಳ್ಳು. ನಾನು ಪ್ರತಿ ಭಾನುವಾರ ತಪ್ಪದೆ ಹೋಗಿ ಬುದ್ಧಿ ಹೇಳಿ ಬರ್ತೀನಿ. ಹೇಳಿದಷ್ಟೂ ಕೆಳಗೆ ಇಳೀತಿದ್ದಾನೆ. ಇನ್ನು ಸಾಕು. ಬರೋ ಸೋಮವಾರ ಊರ ಹಿರಿಯರನ್ನ ಕೂರಿಸಿ, ಎಲ್ಲರ ಮುಂದೆ ಅವನನ್ನ ನಿಲ್ಲಿಸಿ ಕೇಳಿಸ್ತೀನಿ. ಮಾನ ಹೋದರೆ ಬುದ್ಧಿ ಬಂದೀತು.”

ನೀಲಗಂಗವ್ವ ಅಡಿಕೆಯ ಹೋಳೊಂದನ್ನು ದವಡೆಗೆ ಒತ್ತಿಕೊಂಡರು. ಹಾಲೇಶನ ಸುದ್ದಿ ಅವರಿಗೆ ಹೊಸದಲ್ಲ. ಆ ಊರಿನ ಯಾವ ಸುದ್ದಿಯೂ ಅವರಿಗೆ ಹೊಸದಾಗಿ ಬಂದದ್ದಿಲ್ಲ. ಬೆಳಿಗ್ಗೆ ಹಾಲು ತರುವವಳು ಹಾಲಿಗಿಂತ ಮೊದಲು ಅದನ್ನೇ ಇಳಿಸುತ್ತಿದ್ದಳು.

“ಕೂತ್ಕೋ” ಎಂದರು. “ಒಂದು ಕತೆ ಹೇಳ್ತೀನಿ. ಹೆಸರು ಮಾತ್ರ ಕೇಳಬೇಡ. ಹೆಸರು ಹೇಳಿದರೆ ದೃಷ್ಟಾಂತ ಹೋಗಿ ಚಾಡಿ ಆಗುತ್ತೆ.”

ಒಂದು ಪೇಟೆಯಲ್ಲಿ ಒಬ್ಬ ವೆಲ್ಡಿಂಗ್ ಮೇಸ್ತ್ರಿ ಇದ್ದ. ಕೈ ಒಳ್ಳೆಯದು. ಗೇಟು, ಕಿಟಕಿ ಸರಳು, ಮುರಿದ ನೇಗಿಲ ಕುಳ, ಏನು ಕೊಟ್ಟರೂ ಗೆರೆ ಕಾಣದ ಹಾಗೆ ಕೂಡಿಸಿ ಕೊಡುತ್ತಿದ್ದ. ಆದರೆ ಹೊಸದಾಗಿ ಮೇಸ್ತ್ರಿ ಅನ್ನಿಸಿಕೊಂಡವನು. ಬಾಯಿ ಕೈಗಿಂತ ಒಂದು ಗೇಣು ಮುಂದಿತ್ತು. ಕಬ್ಬಿಣ ಅಂದಮೇಲೆ ನನ್ನ ಮಾತು ಕೇಳಲೇಬೇಕು ಎಂದು ಹೇಳಿಕೊಂಡು ತಿರುಗುತ್ತಿದ್ದ. ಅವನ ಹೆಂಡತಿ ಮಾತ್ರ ಕೇಳುತ್ತಿರಲಿಲ್ಲ. ಅವಳು ಕಬ್ಬಿಣವಲ್ಲವಲ್ಲ.

ಒಂದು ದಿನ ಅವನಿಗೆ ಬಟ್ಟೆ ವ್ಯಾಪಾರಿಯ ಮನೆಯಿಂದ ಕರೆ ಬಂತು. ಮಹಡಿಯನ್ನು ಹೊತ್ತ ಕಬ್ಬಿಣದ ತೊಲೆ ತುಕ್ಕು ಹಿಡಿದಿದೆ, ಬಂದು ನೋಡು ಎಂದು. ಮೇಸ್ತ್ರಿಗೆ ಒಳಗೊಳಗೇ ಖುಷಿ. ತೊಲೆಯ ಸಲುವಾಗಿ ಅಲ್ಲ. ಆ ಮನೆಯ ಸುದ್ದಿಯನ್ನು ಇಡೀ ಪೇಟೆ ಹನ್ನೊಂದು ವರ್ಷದಿಂದ ಅಗಿಯುತ್ತಿತ್ತು, ಇನ್ನೂ ರಸ ಮುಗಿದಿರಲಿಲ್ಲ. ಆ ಬಾಗಿಲ ಒಳಗೆ ಕಾಲಿಡುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ?

ಸುದ್ದಿ ಇಷ್ಟು. ವ್ಯಾಪಾರಿಗೆ ಅವನ ತಾಯಿ ಹದಿನಾಲ್ಕು ಹೆಣ್ಣು ನೋಡಿದಳು. ಹದಿನಾಲ್ಕನ್ನೂ ಅವನು ಬೇಡ ಅಂದ. ಹದಿನೈದನೆಯದನ್ನು ತಾನೇ ನೋಡಿಕೊಂಡ. ಅವಳು ರವಿಕೆ ಬಟ್ಟೆ ಕೊಳ್ಳಲು ಅಂಗಡಿಗೆ ಬಂದವಳು. ಮೊದಲ ಗಂಡನ ಮನೆ ಬಿಟ್ಟು ತವರು ಸೇರಿದವಳು. ಇವನಿಗಿಂತ ಮೂರು ವರ್ಷ ದೊಡ್ಡವಳು. ಅವಳನ್ನು ಇವನು ಸೀರುಡಿಕೆ ಮಾಡಿಕೊಂಡ. ಎರಡನೆಯ ಸಲದ ಹೆಣ್ಣಿಗೆ ಚಪ್ಪರವಿಲ್ಲ, ಓಲಗವಿಲ್ಲ, ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದಷ್ಟೇ. ಅಂಗಡಿ ತುಂಬ ಸೀರೆ ಇಟ್ಟುಕೊಂಡವನಿಗೆ ಅದೇನು ದೊಡ್ಡದು ಎಂದು ಪೇಟೆ ನಕ್ಕಿತು. ಅವಳು ಬಿಟ್ಟವಳೋ ಬಿಡಿಸಿಕೊಂಡವಳೋ ಎಂದು ಎರಡು ಪಕ್ಷವಾಯಿತು. ಎಲೆಯಡಿಕೆಯಲ್ಲಿ ಮದ್ದು ಹಾಕಿದಳು ಎಂಬ ಮೂರನೆಯ ಪಕ್ಷವೂ ಹುಟ್ಟಿತು. ಪೇಟೆ ಅಂದದ್ದನ್ನು ಹೇಳುತ್ತಿದ್ದೇನೆ, ನಾನು ಸೇರಿಸಿದ್ದು ಒಂದು ಚಿಟಿಕೆ ಉಪ್ಪು ಮಾತ್ರ.

ತಾಯಿ ಅಳಲಿಲ್ಲ, ಬಾವಿಗೆ ಹಾರುತ್ತೇನೆ ಅನ್ನಲಿಲ್ಲ. ಮಹಡಿ ಹತ್ತಿದಳು. “ಅವಳು ತುಳಿಯೋ ನೆಲಕ್ಕೆ ನಾನು ಕಾಲಿಡೋದಿಲ್ಲ” ಎಂದು ಹೇಳಿ ಹತ್ತಿದವಳು ಹನ್ನೊಂದು ವರ್ಷವಾದರೂ ಇಳಿದಿರಲಿಲ್ಲ.

ಬರಿಗೈಯಲ್ಲೂ ಹತ್ತಲಿಲ್ಲ. ಆ ಹೆಣ್ಣು ಮುಟ್ಟಬಾರದು ಎಂದು ಮನೆತನದ ಸಾಮಾನನ್ನೆಲ್ಲ ಮೇಲಕ್ಕೆ ಸಾಗಿಸಿದಳು. ತಾಮ್ರದ ಹಂಡೆ, ಒರಳು, ಬೀಸುವ ಕಲ್ಲು, ಅಜ್ಜನ ಕಬ್ಬಿಣದ ಪೆಟ್ಟಿಗೆ, ಎರಡು ಕಣಜ ಜೋಳ. ಹಮಾಲರು ಎರಡು ದಿನ ಹೊತ್ತರು. ಎಲ್ಲವನ್ನೂ ಬೀದಿ ಬದಿಯ ಒಂದೇ ಕೋಣೆಯಲ್ಲಿ ಇಡಿಸಿದಳು, ತಾನೂ ಅಲ್ಲೇ ಕೂತಳು. ಹಿಂದುಗಡೆ ದೊಡ್ಡ ಕೋಣೆ ಖಾಲಿ ಇತ್ತು. ಆದರೆ ಅಲ್ಲಿಂದ ಬೀದಿ ಕಾಣುತ್ತಿರಲಿಲ್ಲ. ಮುನಿಸಿಕೊಂಡವಳಿಗೂ ಬೀದಿ ಬೇಕಲ್ಲ.

ಆಮೇಲೆ ಆ ಕೋಣೆಯ ಮೂಲೆಯಲ್ಲೇ ತನಗೊಂದು ಬಚ್ಚಲು ಕಟ್ಟಿಸಿದಳು. ಸೊಸೆಯ ನೆರಳು ಮೆಟ್ಟಿಲ ಮೇಲೆ ಬಿದ್ದರೆ ಅವಳಿಗೆ ಒಂದು ಸ್ನಾನ. ಮಹಡಿಗೆ ನಲ್ಲಿ ಇರಲಿಲ್ಲ. ಆ ಸ್ನಾನದ ನೀರನ್ನು ಕೊಡದಲ್ಲಿ ಹೊತ್ತು ಮೆಟ್ಟಿಲ ತುದಿಗೆ ಇಡುವವಳು ಸೊಸೆಯೇ. ನೀರು ಇಡಲು ಬಂದಾಗ ನೆರಳು ಬೀಳುತ್ತಿತ್ತು. ನೆರಳು ಬಿದ್ದರೆ ಮತ್ತೆ ಸ್ನಾನ. ಸ್ನಾನಕ್ಕೆ ಮತ್ತೆ ನೀರು. ಹನ್ನೊಂದು ವರ್ಷ ಈ ಗಾಣ ತಿರುಗಿತು. ಒಂದು ದಿನವೂ ಮೇಲಿನವಳು ‘ನೀರು ಸಾಕು’ ಅನ್ನಲಿಲ್ಲ, ಕೆಳಗಿನವಳು ‘ನೀರು ಇಲ್ಲ’ ಅನ್ನಲಿಲ್ಲ.

ಆ ಬಚ್ಚಲ ನೀರು ಸುಮ್ಮನಿರುತ್ತದೆಯೇ? ಗಾರೆಯಲ್ಲಿ ದಾರಿ ಹುಡುಕಿಕೊಂಡು ಕೆಳಗಿಳಿಯಿತು. ಗೋಡೆಯೊಳಗೆ ಕೂತಿದ್ದ ತೊಲೆಯ ತುದಿಯನ್ನು ದಿನಾ ನೆನೆಸಿತು.

ಮೇಸ್ತ್ರಿ ಹೋಗಿ ನಡುಮನೆಯಲ್ಲಿ ನಿಂತು ತಲೆ ಎತ್ತಿ ನೋಡಿದ. ಐದು ತೊಲೆಗಳಿದ್ದವು. ಅಜ್ಜನ ಕಾಲದಲ್ಲಿ ಈ ಗೋಡೆಯಿಂದ ಆ ಗೋಡೆಗೆ ಇಟ್ಟು, ನಡುನಡುವೆ ಇಟ್ಟಿಗೆಯ ಕಮಾನು ಕಟ್ಟಿದ್ದು. ನಾಲ್ಕು ನೆಟ್ಟಗಿದ್ದವು. ಬೀದಿ ಬದಿಯ ಐದನೆಯದು ತುದಿಯಲ್ಲಿ ಉಬ್ಬಿ, ನಡುವಿನಲ್ಲಿ ಜೋತಿತ್ತು. ಗೋಡೆಯ ಮೇಲೆ ಕೆಂಪು ನೀರಿನ ಗೆರೆ ಇಳಿದಿತ್ತು.

“ನೋಡು ಮೇಸ್ತ್ರಿ, ಏನೋ ಒಂಚೂರು ತುಕ್ಕು. ಆದರೂ ಎಷ್ಟು ದಪ್ಪ ಆಗಿದೆ!” ಎಂದ ವ್ಯಾಪಾರಿ. “ಹಳೇ ಕಾಲದ ಕಬ್ಬಿಣ. ಮೈ ತುಂಬಿಕೊಂಡಿದೆ.”

ಮೇಸ್ತ್ರಿ ಏಣಿ ಹತ್ತಿ ಸುತ್ತಿಗೆಯಿಂದ ತಟ್ಟಿದ. ಚಿರೋಟಿಯ ಎಸಳಿನ ಹಾಗೆ ಪದರ ಪದರ ಉದುರಿತು. ಕೆಟ್ಟ ಕಬ್ಬಿಣ ಸಣ್ಣಗಾಗುವ ಮೊದಲು ಊದಿಕೊಳ್ಳುತ್ತದೆ. ನೋಡಿದವರು ಚೆನ್ನಾಗಿದೆ ಅಂದುಕೊಳ್ಳುತ್ತಾರೆ.

“ಸಾವ್ಕಾರ್ರೆ, ಮೇಲಿನ ಸಾಮಾನೆಲ್ಲ ಮೊದಲು ಇಳಿಸಬೇಕು” ಎಂದ ಮೇಸ್ತ್ರಿ. “ಮೇಲಿನವರೂ ಇಳೀಬೇಕು. ಕೆಳಗೆ ಜಾಕಿ ಕೊಟ್ಟು ತೊಲೆ ಎತ್ತಿ, ಆಮೇಲೆ ಗೋಡೆ ಬಿಚ್ಚಿ ನೋಡಬೇಕು. ತೊಲೆ ಬೀಳೋ ಮುಂಚೆ ಗುನುಗುತ್ತೆ, ಅಲ್ಲೀತನಕ ಕಾಯಬಾರದು.”

ವ್ಯಾಪಾರಿ ಕೈ ಮುಗಿದ. “ಬೇಕಾದರೆ ಸೂರು ಇಳಿಸ್ತೀನಪ್ಪ. ನಮ್ಮ ತಾಯೀನ ಇಳಿಸೋಕೆ ನನ್ನಿಂದಾಗಲ್ಲ. ಇದ್ದ ಹಾಗೇ ಏನಾದರೂ ಮಾಡು.”

ಮೇಸ್ತ್ರಿಗೆ ಗೊತ್ತಿತ್ತು, ಇದ್ದ ಹಾಗೇ ಮಾಡುವ ಕೆಲಸವಲ್ಲ ಅದು ಎಂದು. ಆದರೆ ‘ಆಗುವುದಿಲ್ಲ’ ಎಂಬ ಮಾತು ಹೊಸ ಮೇಸ್ತ್ರಿಯ ಗಂಟಲಲ್ಲಿ ಮುಳ್ಳಿನ ಹಾಗೆ. ಬೆರಳಿನಷ್ಟು ದಪ್ಪದ ಕಬ್ಬಿಣದ ಪಟ್ಟಿ ತಂದ. ಜೋತ ತೊಲೆಯ ಹೊಟ್ಟೆಗೆ ಒತ್ತಿ ಹಿಡಿಸಿ, ಈ ತುದಿಯಿಂದ ಆ ತುದಿಗೆ ಬೆಸೆದ. ಮೇಲೆ ಕೆಂಪು ಬಣ್ಣ ಬಳಿದ. ತೊಲೆಯ ಕೆಳಗೆ ಈ ಗೋಡೆಯಿಂದ ಆ ಗೋಡೆಗೆ ಒಂದು ನೂಲು ಕಟ್ಟಿದ. ತೊಲೆಗೂ ನೂಲಿಗೂ ಮೂರು ಬೆರಳಿನ ಸಂದು ಬಿಟ್ಟ.

“ಇನ್ನು ಆನೆ ಕುಣಿದರೂ ಈ ಸಂದು ಕಮ್ಮಿ ಆಗಲ್ಲ” ಎಂದು ಎಲೆಯಡಿಕೆ ಹಾಕಿಕೊಂಡು ಹೋದ.

ಆನೆ ಕುಣಿಯಲಿಲ್ಲ. ಮುದುಕಿ ಸ್ನಾನ ಮಾಡಿದಳು, ಅಷ್ಟೇ. ನಾಲ್ಕು ತಿಂಗಳಲ್ಲಿ ಸಂದು ಒಂದು ಬೆರಳಿಗೆ ಬಂತು. ಸೊಸೆ ಕಲಸುತ್ತಿದ್ದ ಹಿಟ್ಟಿಗೆ ಮೇಲಿಂದ ಗಾರೆ ಉದುರಿತು.

ಪೇಟೆಗೆ ಗೊತ್ತಾಯಿತು. ಪೇಟೆಗೆ ಗೊತ್ತಾಗದೆ ಉಳಿದದ್ದು ಏನಿದೆ? ನೀರಿನ ಟ್ಯಾಂಕಿನ ಹತ್ತಿರ ಒಬ್ಬಳು ಅಂದಳು, “ಅಯ್ಯೋ, ಅವನು ತೊಲೆಗೆ ಪಟ್ಟಿ ಹಾಕಿದನೇನೇ? ಸೊಂಟಕ್ಕೆ ಡಾಬು ಕಟ್ಟಿದ್ದಾನೆ. ಚಂದ ಕಾಣಲಿ ಅಂತ!” ಅಂದಿನಿಂದ ಅವನ ಹೆಸರು ಹೋಯಿತು. ಡಾಬಿನ ಮೇಸ್ತ್ರಿ ಅಂದರೆ ಮಕ್ಕಳೂ ಅವನ ಮನೆ ತೋರಿಸುತ್ತಿದ್ದವು. ಹೆಂಡತಿ ಊಟಕ್ಕೆ ಬಡಿಸುತ್ತಾ, “ನನಗೆ ಮದುವೇಲಿ ಬೆಳ್ಳಿ ಡಾಬು ಮಾಡಿಸ್ತೀನಿ ಅಂದಿದ್ರಿ. ಕೊನೆಗೆ ಅದು ಯಾರ ಸೊಂಟಕ್ಕೆ ಹೋಯ್ತು ನೋಡಿ” ಎಂದಳು. ಅವನು ಅರ್ಧಕ್ಕೇ ಕೈ ತೊಳೆದ.

ನಗು ಒಂದು ಕಡೆ ಇರಲಿ. ಅವನನ್ನು ತಿನ್ನುತ್ತಿದ್ದುದು ಬೇರೆ. ಪಟ್ಟಿ ಗಟ್ಟಿ, ಬೆಸುಗೆ ಗಟ್ಟಿ. ಮತ್ತೆ ತೊಲೆ ಯಾಕೆ ಇಳಿಯಿತು? ಆ ತೊಲೆ ಬಿದ್ದರೆ ಕೆಳಗೊಬ್ಬಳು, ಮೇಲೊಬ್ಬಳು. ಎರಡು ಜೀವದ ಪಾಪ ಯಾರ ತಲೆಗೆ?

ಹೀಗೇ ಯೋಚಿಸುತ್ತಾ ಅವನು ದಲ್ಲಾಳಿ ಅಂಗಡಿಗಳ ಸಾಲಿನಲ್ಲಿ ನಿಂತಿದ್ದ. ಎದುರಿಗೆ ಒಬ್ಬ ಹಮಾಲ ಬೆನ್ನಿನ ಮೇಲೆ ಮೆಕ್ಕೆಜೋಳದ ಚೀಲ ಹೊತ್ತು ಹಲಗೆ ಏರುತ್ತಿದ್ದ. ನಡುದಾರಿಯಲ್ಲಿ ಅವನ ಮೊಣಕಾಲು ನಡುಗಿತು. ಪಕ್ಕದಲ್ಲಿದ್ದವನೊಬ್ಬ ಓಡಿಬಂದು ಅವನ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದ.

ಹಮಾಲ ಹಲ್ಲು ಕಚ್ಚಿಕೊಂಡೇ ಕಿರುಚಿದ. “ಸೊಂಟ ಹಿಡೀಬೇಡಲೋ ಮಾರಾಯ, ಚೀಲ ಹಿಡಿ! ಚೀಲ!”

ಮೇಸ್ತ್ರಿ ಅಲ್ಲೇ ನಿಂತುಬಿಟ್ಟ. ಹಿಂದಿನಿಂದ ಬಂದ ಎತ್ತಿನ ಗಾಡಿಯವನು, “ಏ ಡಾಬಿನ ಮೇಸ್ತ್ರಿ, ದಾರಿ ಬಿಡು” ಎಂದರೂ ಅವನಿಗೆ ಕೇಳಲಿಲ್ಲ. ತಾನು ಮಾಡಿದ್ದು ಅದೇ. ಭಾರ ಹೊತ್ತು ಬಾಗಿ ನಿಂತವನ ಸೊಂಟಕ್ಕೆ ಪಟ್ಟಿ ಕಟ್ಟಿ, ಇನ್ನು ನೆಟ್ಟಗೆ ನಿಲ್ಲು ಅಂದದ್ದು. ಹೊಸ ಕಬ್ಬಿಣಕ್ಕೆ ಒಂದು ಗುಂಜಿ ತೂಕವೂ ಹೋಗಿರಲಿಲ್ಲ. ಎಲ್ಲವೂ ಹಳೆಯದರ ಬೆನ್ನಿನ ಮೇಲೇ ಇತ್ತು. ಹೊಸದು ತನ್ನ ತೂಕವನ್ನೂ ಅದಕ್ಕೇ ಸೇರಿಸಿ ಜೋತು ಬಿದ್ದಿತ್ತು.

ಅವನು ಜಾಕಿಗಳನ್ನೂ ಮರದ ದಿಮ್ಮಿಗಳನ್ನೂ ಗಾಡಿಗೆ ಹಾಕಿಕೊಂಡು ಕರೆಯದೆಯೇ ವ್ಯಾಪಾರಿಯ ಮನೆಗೆ ಹೋದ.

ನಡುಮನೆಗೆ ಕಾಲಿಟ್ಟವನು ಹೆಗಲ ಮೇಲಿನ ಜಾಕಿಯನ್ನು ಕೆಳಗಿಟ್ಟ. ಸೊಸೆಯ ಹಾಸಿಗೆ ಮೊದಲು ಅಡುಗೆಮನೆಯ ಬದಿಗೆ ಇತ್ತು. ಈಗ ಸರಿಯಾಗಿ ಆ ತೊಲೆಯ ಕೆಳಗೆ ಸುತ್ತಿಟ್ಟಿತ್ತು. ಅವಳು ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು.

“ಅಕ್ಕಾರೆ, ನಿಮಗೆ ತಲೆ ಸರಿ ಇದೆಯಾ?” ಎಂದ. “ಇಷ್ಟು ದೊಡ್ಡ ಮನೇಲಿ ಮಲಗೋಕೆ ಬೇರೆ ಜಾಗ ಸಿಗಲಿಲ್ವಾ?”

ಅವಳು ಮೊರದಿಂದ ತಲೆ ಎತ್ತಲಿಲ್ಲ. “ಬೇರೆ ಕಡೆ ಮಲಗಿದರೆ ಕೇಳಿಸಲ್ಲ ಮೇಸ್ತ್ರಿ.”

“ಏನು ಕೇಳಿಸಲ್ಲ?”

“ತೊಲೆ ಗುನುಗೋದು. ಬೀಳೋ ಮುಂಚೆ ಅದು ಗುನುಗುತ್ತೆ ಅಂತ ನೀವೇ ಅಲ್ವಾ ಅವತ್ತು ಹೇಳಿದ್ದು? ಅದು ಮೊದಲು ಕೇಳೋದು ಇಲ್ಲಿಗೆ. ಕೇಳಿದ ಕೂಡಲೇ ಒಂದು ಕೂಗು ಹಾಕಿದರೆ ಅತ್ತೆಮ್ಮ ಹಿಂದಿನ ಕೋಣೆಗೆ ಓಡಬಹುದು.”

“ಹನ್ನೊಂದು ವರ್ಷದಿಂದ ಅವರು ನಿಮ್ಮ ದನಿಗೆ ಓಗೊಟ್ಟಿಲ್ಲ. ಆವತ್ತು ಓಗೊಡ್ತಾರಾ?”

“ಬೆಂಕಿ ಬಿದ್ದಾಗ ಕೂಗಿದವರು ಯಾರು ಅಂತ ಯಾರೂ ನೋಡಲ್ಲ” ಎಂದಳು ಅವಳು. ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. “ಒಂದು ಸಲ ಮನೆ ಬಿಟ್ಟುಬಂದವಳು ಅನ್ನಿಸಿಕೊಂಡಿದ್ದೀನಿ. ಎರಡನೇ ಸಲ ಅನ್ನಿಸಿಕೊಳ್ಳಲ್ಲ.”

ಮೇಸ್ತ್ರಿ ಇಷ್ಟು ದಿನ ಈ ಹೆಂಗಸಿನ ಸುದ್ದಿಯನ್ನು ಎಷ್ಟು ಕಟ್ಟೆಗಳ ಮೇಲೆ ಕೂತು ಚಪ್ಪರಿಸಿದ್ದ, ಅವನಿಗೇ ಲೆಕ್ಕವಿರಲಿಲ್ಲ. ಈಗ ಅದೆಲ್ಲ ಬಾಯಲ್ಲಿ ಕಹಿಯಾಯಿತು. ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ.

ಮುದುಕಿ ಕಿಟಕಿಯ ಹತ್ತಿರ ಕೂತಿದ್ದಳು. ಸುತ್ತ ಹಂಡೆ, ಒರಳು, ಕಲ್ಲು, ಪೆಟ್ಟಿಗೆ. ತಲೆ ಒದ್ದೆ ಇತ್ತು.

“ಯಾರೋ ಅದು? ತೊಲೆಗೆ ಡಾಬು ಕಟ್ಟಿದವನಾ?” ಎಂದಳು. ಆ ಕಿಟಕಿಯಿಂದ ಬೀದಿಯ ಮಾತೆಲ್ಲ ಕೇಳುತ್ತಿತ್ತು ತಾನೆ. “ಬಾ, ನನಗೂ ಒಂದು ಕಟ್ಟು. ಸೊಂಟ ನೋಯ್ತದೆ.”

“ಅಮ್ಮ, ನೀವು ಕೆಳಗೆ ಇಳೀಬೇಕು. ನೀವು ಇಳಿದು, ಈ ಸಾಮಾನೆಲ್ಲ ಇಳಿದರೇನೇ ತೊಲೆ ಉಳಿಯೋದು.”

“ನನ್ನ ಹೆಣ ಇಳೀತದೆ. ಆಮೇಲೆ ನಿನ್ನ ತೊಲೆ ಉಳಿಸ್ಕೋ.”

“ಮನೆ ಬೀಳ್ತದಮ್ಮ.”

“ಬೀಳಲಿ. ನನ್ನ ಮಾವ ಕಟ್ಟಿಸಿದ ಮನೆ. ನಾನು ಇದರ ಜೊತೇಲೇ ಬೀಳ್ತೀನಿ. ನಿನಗೇನು ಕಷ್ಟ?”

ಮೇಸ್ತ್ರಿ ವಾದ ಮಾಡಲಿಲ್ಲ. ಕೆಳಗೆ ಕಂಡದ್ದನ್ನು ಕಂಡ ಹಾಗೆ ಹೇಳಿದ. ಹಾಸಿಗೆ ಎಲ್ಲಿದೆ ಎಂದು ಹೇಳಿದ. ಯಾಕೆ ಅಲ್ಲಿದೆ ಎಂದು ಹೇಳಿದ.

ಮುದುಕಿ ಕಿಟಕಿಯ ಆಚೆ ನೋಡುತ್ತಾ ಕೂತಳು. ಬೀದಿಯಲ್ಲಿ ಬಳೆಗಾರ್ತಿ ಒಬ್ಬಳು ಹೋದಳು, ಸೈಕಲ್ಲಿನ ಮೇಲೆ ಸೊಪ್ಪಿನವನು ಹೋದ. ಯಾರನ್ನೂ ಮುದುಕಿ ಮಾತಾಡಿಸಲಿಲ್ಲ. ಇದು ಅವಳ ಹನ್ನೊಂದು ವರ್ಷದ ಚರಿತ್ರೆಯಲ್ಲೇ ಮೊದಲು.

ಆಮೇಲೆ ಒಂದು ಪ್ರಶ್ನೆ ಕೇಳಿದಳು. “ತಲೆ ಯಾವ ಕಡೆ ಹಾಕಿ ಮಲಗ್ತಾಳೆ?”

“ಈ ಬಚ್ಚಲ ಕಡೆಗೇ ಅಮ್ಮ. ತುಕ್ಕು ಹಿಡಿದ ತುದಿಯ ಕೆಳಗೆ.”

ಮುದುಕಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹದಿನೇಳು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೆ ಒಂದೊಂದು ಬೈಗುಳ ಇಳಿಸಿಕೊಂಡು ಬಂದಳು. ಮೇಸ್ತ್ರಿಗೆ ಎರಡು, ಮಗನಿಗೆ ಐದು, ಬಚ್ಚಲು ಕಟ್ಟಿದ ಗಾರೆಯವನ ವಂಶಕ್ಕೆ ಮೂರು. ಉಳಿದದ್ದೆಲ್ಲ ಸೊಸೆಗೆ. ಕೊನೆಯ ಮೆಟ್ಟಿಲ ಮೇಲೆ ಮಾತ್ರ ಕಾಲು ತಡೆಯಿತು. ಮುದುಕಿ ಒಂದು ಉಸಿರು ತೆಗೆದುಕೊಂಡು ನೆಲಕ್ಕೆ ಕಾಲಿಟ್ಟಳು.

ಸೊಸೆ ಮೊರ ಬಿಟ್ಟು ಎದ್ದು ನಿಂತಳು. ನೆರಳು ಅತ್ತೆಯ ಮೇಲೆ ಬೀಳದ ಹಾಗೆ ಗೋಡೆಗೆ ಒತ್ತಿಕೊಂಡಳು. ಹನ್ನೊಂದು ವರ್ಷದ ರೂಢಿ.

“ಏನೇ ಅಲ್ಲಿ ಅಂಟಿಕೊಂಡು ನಿಂತಿದ್ದೀಯ? ಈ ಕಡೆ ಬಾ!” ಎಂದು ಮುದುಕಿ ಅವಳ ರಟ್ಟೆ ಹಿಡಿದು ತೊಲೆಯ ಕೆಳಗಿನಿಂದ ಎಳೆದಳು. “ದೊಡ್ಡ ತ್ಯಾಗ ಮಾಡೋಕೆ ಹೊರಟಿದ್ದಾಳೆ. ನೀನು ಸತ್ತರೆ ನಾನು ಬೈಯೋದು ಯಾರನ್ನ? ನನಗೇನು ಇನ್ನೊಬ್ಬ ಸೊಸೆ ಇದ್ದಾಳಾ?”

ಸೊಸೆ ನೆಲ ನೋಡುತ್ತಾ ಅಂದಳು, “ಇಲ್ಲ ಅತ್ತೆಮ್ಮ. ಇರೋದು ಒಬ್ಬಳೇ.”

ಸೊಸೆ ಎಂಬ ಮಾತು ಮುದುಕಿಯ ಬಾಯಿಂದ ಬಂದದ್ದು ಅದೇ ಮೊದಲು. ಮನೆಗೆ ಅಂಟಿಕೊಂಡೇ ಇದ್ದ ಅಂಗಡಿಯ ಬಾಗಿಲಲ್ಲಿ ಸೀರೆ ನೋಡುವ ನೆಪದಲ್ಲಿ ಆಗಲೇ ಏಳೆಂಟು ಹೆಂಗಸರು ಸೇರಿದ್ದರು. ಒಬ್ಬಳೂ ಸೀರೆ ಕೊಳ್ಳಲಿಲ್ಲ. ಆದರೆ ಇಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಪೇಟೆಯ ನಾಲಿಗೆ ಉದ್ದ, ಸರಿ. ಅದರ ಕಣ್ಣೂ ಒಣಗಿರಲಿಲ್ಲ.

ಅದೇ ಹಮಾಲರು ಬಂದರು. ಹಂಡೆ ಇಳಿಯಿತು, ಒರಳು ಇಳಿಯಿತು, ಕಲ್ಲು, ಪೆಟ್ಟಿಗೆ, ಜೋಳ ಎಲ್ಲ ಇಳಿದವು. ಮೇಸ್ತ್ರಿ ತೊಲೆಯ ಕೆಳಗೆ ದಿಮ್ಮಿ ನಿಲ್ಲಿಸಿ ಜಾಕಿ ಕೊಟ್ಟ. ಅವಸರ ಮಾಡಲಿಲ್ಲ. ಒಂದು ಸುತ್ತು ತಿರುಗಿಸಿ ಒಂದು ಬೀಡಿ ಸೇದುವಷ್ಟು ಹೊತ್ತು ಕಾದ. ಮತ್ತೆ ಒಂದು ಸುತ್ತು. ಸಂಜೆಯ ಹೊತ್ತಿಗೆ ಒಂದು ಬೆರಳಿದ್ದ ಸಂದು ನಾಲ್ಕು ಬೆರಳಾಯಿತು. ತೊಲೆ ಒಂದು ಸಲ ಗುನುಗಿತು. ಎಲ್ಲರೂ ಬೆಚ್ಚಿದರು. ಮೇಸ್ತ್ರಿ ನಕ್ಕ. “ಹೆದರಬೇಡಿ. ಭಾರ ಇಳಿಸಿದಾಗ ಹಮಾಲನೂ ಹಾಗೇ ಒಂದು ಸಲ ಹ್ಞೂ ಅಂತಾನೆ.”

ಮಾರನೆಯ ದಿನ ತಾನೇ ಕಟ್ಟಿದ ಡಾಬನ್ನು ತಾನೇ ಬಿಚ್ಚಿದ. ಗೋಡೆ ಒಡೆದು ತುದಿಯನ್ನು ಬಯಲಿಗೆ ತಂದ. ಕೊಳೆತಷ್ಟನ್ನು ಕತ್ತರಿಸಿದ. ಉಳಿದದ್ದನ್ನು ತಂತಿ ಬ್ರಷ್ಷಿನಿಂದ ಬೆಳ್ಳಿಯ ಹಾಗೆ ಹೊಳೆಯುವವರೆಗೆ ಉಜ್ಜಿದ. ಹನ್ನೊಂದು ವರ್ಷ ನೆನೆದ ತೊಲೆಯಲ್ಲಿ ಮುಕ್ಕಾಲು ಪಾಲು ಚೊಕ್ಕ ಕಬ್ಬಿಣವೇ ಇತ್ತು. ಅದಕ್ಕೆ ಹೊಸ ತುದಿ ಬೆಸೆದ, ಕೆಳಗೆ ಹೊಸ ಕಲ್ಲು ಕೂರಿಸಿದ. ಹಳೆಯ ಪಟ್ಟಿಯನ್ನೇ ಉಜ್ಜಿ ಮತ್ತೆ ಹೊಟ್ಟೆಗೆ ಬೆಸೆದ. ಮೇಲಿನ ಬಚ್ಚಲನ್ನು ಕೀಳಿಸಿದ. ಎಲ್ಲ ಮುಗಿದ ಮೇಲೆ, ಏರಿಸಿದ್ದಕ್ಕಿಂತ ನಿಧಾನವಾಗಿ ಜಾಕಿ ಇಳಿಸಿದ. ತೊಲೆ ಕೂತಿತು. ನೂಲಿಗೆ ತಾಗಲಿಲ್ಲ.

ವ್ಯಾಪಾರಿ ತಲೆ ಕೆರೆದುಕೊಂಡ. “ಅದೇ ತೊಲೆ, ಅದೇ ಪಟ್ಟಿ. ಅವತ್ತು ಆಗದ್ದು ಇವತ್ತು ಹೇಗಾಯ್ತು ಮೇಸ್ತ್ರಿ?”

“ಅವತ್ತು ಪಟ್ಟಿ ತೊಲೇನ ನೋಡ್ತಾ ಇತ್ತು ಸಾವ್ಕಾರ್ರೆ” ಎಂದ ಮೇಸ್ತ್ರಿ. “ಇವತ್ತು ಹೊರ್ತಾ ಇದೆ.”

ಮುದುಕಿ ಮತ್ತೆ ಮಹಡಿ ಹತ್ತಲಿಲ್ಲ. ಮೊಣಕಾಲು ನೋವು ಎಂದು ಹೇಳಿಕೊಂಡಳು. ಬೈಯುವುದನ್ನೂ ಬಿಡಲಿಲ್ಲ. ಆದರೆ ಈಗ ಎದುರಿಗೇ ಕೂತು ಬೈಯುತ್ತಿದ್ದಳು, ಸೊಸೆಗೆ ತಲೆ ಬಾಚುತ್ತಾ. ಪೇಟೆಗೆ ಒಂದು ವಾರ ಏನೂ ತೋಚಲಿಲ್ಲ. ಆಮೇಲೆ ಬೇರೆ ಮನೆ ಹುಡುಕಿಕೊಂಡಿತು.

ಕತೆ ಮುಗಿಸಿದ ನೀಲಗಂಗವ್ವ ಅಡಿಕೆಯನ್ನು ಇನ್ನೊಂದು ದವಡೆಗೆ ದೂಡಿದರು.

ಕೊಟ್ರೇಶನ ಮುಖ ಅರಳಿತ್ತು. ಮೇಷ್ಟರಲ್ಲವೇ, ಪಾಠ ಹಿಡಿಯುವುದರಲ್ಲಿ ಚುರುಕು. “ತಿಳೀತು ಅವ್ವ. ಚೆನ್ನಾಗಿ ತಿಳೀತು. ಮೇಲೆ ಬಣ್ಣ ಬಳಿದರೆ ಆಗೋದಿಲ್ಲ. ಬಯಲಿಗೆ ತಂದು ತುಕ್ಕು ಕೆರೀಬೇಕು. ಸೋಮವಾರ ಹಿರಿಯರ ಮುಂದೆ ಅದನ್ನೇ ಮಾಡಿಸ್ತೀನಿ.”

ಅವ್ವ ಅವನನ್ನು ನೋಡಿದರು. ತಪ್ಪು ಅಕ್ಷರ ಬರೆದ ಮಗುವನ್ನು ನೋಡುವ ಹಾಗೆ, ಪ್ರೀತಿಯಿಂದಲೇ ನೋಡಿದರು.

“ಕೆರೆಯುವೆಯಂತೆ ಕೊಟ್ರೇಶ, ಮೊದಲು ಇದೊಂದು ಹೇಳು: ನಿನ್ನ ತಮ್ಮನ ಮನೇಲಿ ನೀನು ತೊಲೆಯ ಕೆಳಗೆ ಮಲಗುವವನೋ, ಮೇಲೆ ಸ್ನಾನ ಮಾಡುವವನೋ?”

ಕೊಟ್ರೇಶ ಹಾಲೇಶನ ಮೇಲಿದ್ದ ಭಾರವನ್ನು ಬೆರಳು ಮಡಿಸಿ ಎಣಿಸತೊಡಗಿದ: ಗಿರಣಿ, ತಾಯಿ, ತನ್ನ ಇಬ್ಬರು ಮಕ್ಕಳು.